ಕಾಗದದಲ್ಲಿ ಎಷ್ಟು, ಕೈಗೆ ಬಂದದ್ದೆಷ್ಟು?



ನಮ್ಮ ಕೇರಿಯ ಅಕ್ಕಂದಿರು ಸಂಘದ ಸಾಲದ ಕಾಗದ ತಂದು "ಒಸಿ ಓದಿ ಹೇಳಪ್ಪ" ಅಂತಾರೆ. ಕಾಗದದಲ್ಲಿ 40,000 ಅಂತ ಇರುತ್ತೆ. ಪ್ರೊಸೆಸಿಂಗ್ ಫೀ, ವಿಮೆ ಅಂತ ಮೊದಲೇ ಮುರಿದುಕೊಂಡು ಉಳಿದದ್ದನ್ನ ಕೊಟ್ಟಿರ್ತಾರೆ. ಬಡ್ಡಿ ಮಾತ್ರ ಪೂರ್ತಿ 40,000ಕ್ಕೆ! ಈ ಆಟಕ್ಕೆ ನೂರೈವತ್ತು ವರ್ಷದ ಚರಿತ್ರೆ ಇದೆ.

1875ರ ಮೇ 12. ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದರು. ಅವರು ಹುಡುಕಿದ್ದು ಮುಖ್ಯವಾಗಿ ಸಾಲಪತ್ರಗಳನ್ನು. ಸಿಕ್ಕಿದ್ದಕ್ಕೆ ಬೆಂಕಿ ಇಟ್ಟರು. ದಂಗೆ ಅಹಮದ್‌ನಗರಕ್ಕೂ ಹಬ್ಬಿತು. ಕಾರಣ ಇಷ್ಟೇ: ಕಟ್ಟಿದ ದುಡ್ಡಿಗೆ ರಸೀದಿ ಇಲ್ಲ, ಬಾಕಿ ಬಡ್ಡಿಯನ್ನ ಅಸಲಿಗೆ ಸೇರಿಸಿ ಮತ್ತೊಂದು ಪತ್ರ, ಅದರ ಮೇಲೆ ಮತ್ತೊಂದು ಹೆಬ್ಬೆಟ್ಟು.

ಬ್ರಿಟಿಷ್ ಸರ್ಕಾರ ಆಯೋಗ ನೇಮಿಸಿತು. 1879ರಲ್ಲಿ ದಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಪತ್ರದಲ್ಲಿ ಬರೆದ ಮೊತ್ತವನ್ನೇ ನಂಬದೆ, ಸಾಲದ ಲೆಕ್ಕವನ್ನು ಮೊದಲಿನಿಂದ ಕೆದಕಿ ನೋಡಬೇಕು ಅಂತ ಕೋರ್ಟಿಗೆ ಹೇಳಿತು. ರಸೀದಿ, ವರ್ಷದ ಲೆಕ್ಕ, ಪಾಸ್‌ಬುಕ್ ಕೇಳುವ ಹಕ್ಕನ್ನು ರೈತನಿಗೆ ಕೊಟ್ಟಿತು.

ಆದರೆ ಆ ಲೆಕ್ಕ ಓದೋರು ಯಾರು? ಅಕ್ಷರದಿಂದ ನಮ್ಮನ್ನ ದೂರ ಇಟ್ಟಿದ್ದು ಜಾತಿ. ಕಾಯ್ದೆ ಬಂದ ನಾಲ್ಕು ವರ್ಷಕ್ಕೆ, 1883ರಲ್ಲಿ, ಜೋತಿಬಾ ಫುಲೆ 'ಶೇತಕರ್‍ಯಾಚಾ ಆಸೂಡ್' ಬರೆದು, ವಿದ್ಯೆ ಇಲ್ಲದ ರೈತನನ್ನು ಸಾಹುಕಾರ, ಭಟ್ಟ, ಅಧಿಕಾರಿ ಸೇರಿ ಹೇಗೆ ಸುಲಿಯುತ್ತಾರೆ ಅಂತ ಬಿಡಿಸಿಟ್ಟರು.

ಜೀತವೂ ಇದೇ ಕತೆ. ದುಡಿದಷ್ಟೂ ತೀರದ ಸಾಲ, ಲೆಕ್ಕ ಮಾತ್ರ ಧಣಿಯ ಕೈಯಲ್ಲಿ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಆ ಸಾಲವನ್ನೇ ಅಳಿಸಿಹಾಕಿತು. 'ಅನ್ಯಾಯದ ಕರಾರು' ಎಂಬುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೆಸರಿಟ್ಟು ಗುರುತಿಸಿತು.

ಈಗ ನಮ್ಮ ಕೈಲಿರೋ ಅಸ್ತ್ರ ನೋಡಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಇಂಥ ಹೊಸ ಸಾಲಕ್ಕೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡಲೇಬೇಕು. ಫೀ, ವಿಮೆ ಎಲ್ಲ ಸೇರಿ ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತೆ ಅಂತ ಅದರಲ್ಲಿ ಇರಬೇಕು, ಅದೂ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ. ಅದರಲ್ಲಿಲ್ಲದ ಶುಲ್ಕವನ್ನು ನಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ.

ಸುಪೆಯ ರೈತರಿಗೆ ಕಾಗದ ಸುಡದೆ ಬೇರೆ ದಾರಿ ಇರಲಿಲ್ಲ. ನಮಗೆ ಬಾಬಾಸಾಹೇಬರು ಓದುವ ದಾರಿ ತೋರಿಸಿದ್ದಾರೆ. ಸಹಿ ಹಾಕೋ ಮುಂಚೆ ಆ ಹಾಳೆಯನ್ನ ಕನ್ನಡದಲ್ಲಿ ಕೇಳಿ. ಕೇರಿಯಲ್ಲಿ ಓದು ಬಲ್ಲ ಒಬ್ಬ ಹುಡುಗಿಯನ್ನ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಜೈಭೀಮ್.