ಹಿಮಗಿರಿಯ ಪಥಿಕನೂ ಅವನ ಸೊಂಟದ ಸಂಚಿಯೂ

ಲಿಪಿಯು ಹುಟ್ಟದ ಅಥವಾ ಬಳಕೆಗೆ ಬಾರದ ದೇಶಗಳ ಪೂರ್ವಚರಿತ್ರೆಗೆ ಮುಖ್ಯವಾದ ಆಧಾರಗಳು ಸಮಾಧಿಗಳೂ ಹಳೆಯ ವಸತಿಗಳ ತಿಪ್ಪೆಗಳೂ ಆಗಿವೆ. ಸಮಾಧಿಯಲ್ಲಿ ದೊರೆಯುವ ವಸ್ತುಗಳನ್ನು ಸತ್ತವನಿಗಾಗಿ ಇತರರು ಆರಿಸಿ ಇಟ್ಟಿರುತ್ತಾರೆ. ತಿಪ್ಪೆಯಲ್ಲಿರುವುದು ಬದುಕಿದ್ದವರು ಬೇಡವೆಂದು ಬಿಸುಟದ್ದು. ಒಬ್ಬ ಮನುಷ್ಯನು ತನಗೆ ಬೇಕೆಂದು ತಾನೇ ಮೈಮೇಲೆ ಹೊತ್ತು ನಡೆದ ಸಾಮಗ್ರಿಯು ಅವನೊಡನೆಯೇ ಉಳಿದು ಬರುವುದು ಅತಿ ವಿರಳ. ಅಂತಹ ಒಂದು ನಿದರ್ಶನವು ಯೂರೋಪು ಖಂಡದ ಆಲ್ಪ್ಸ್ ಪರ್ವತಗಳಲ್ಲಿ ದೊರೆತಿದೆ. ಊರಿನ ಆಶ್ರಯವಿಲ್ಲದ ಕಾಡುಬೆಟ್ಟಗಳಲ್ಲಿ ಕಿರುಗತ್ತಿಯೊಂದನ್ನೂ ಸಂಚಿಯೊಂದನ್ನೂ ನಂಬಿ ಪ್ರಾಚೀನರು ಹೇಗೆ ಬಾಳುತ್ತಿದ್ದರೆಂಬುದಕ್ಕೆ ಇದಕ್ಕಿಂತ ಸ್ಫುಟವಾದ ಸಾಕ್ಷ್ಯವು ಬೇರೆ ದೊರೆಯುವುದು ಕಷ್ಟ.

1991ನೆಯ ಇಸವಿ ಸೆಪ್ಟೆಂಬರ್ 19ರಂದು, ಆಸ್ಟ್ರಿಯ ಮತ್ತು ಇಟಲಿಗಳ ಗಡಿಯಲ್ಲಿ, ಸಮುದ್ರಮಟ್ಟಕ್ಕೆ 3210 ಮೀಟರು ಎತ್ತರದ ಟಿಸೆನ್ಯೋಖ್ ಎಂಬ ಕಣಿವೆಯ ಬಳಿ, ಕರಗಿದ ಹಿಮದೊಳಗೆ ಒಬ್ಬ ಪುರುಷನ ಶವವು ಪರ್ವತಾರೋಹಿಗಳಿಗೆ ಕಾಣಿಸಿತು. ಮೊದಲು ಅದನ್ನು ಇತ್ತೀಚೆಗೆ ಮಡಿದ ಯಾತ್ರಿಕನದೆಂದು ಭಾವಿಸಲಾಯಿತು. ಇಂಗಾಲದ ಪರೀಕ್ಷೆಯಿಂದ ಅವನ ಕಾಲವು ಕ್ರಿ. ಪೂ. 3350 ಮತ್ತು 3100ರ ನಡುವಿನದೆಂದು ಗೊತ್ತಾಯಿತು. ಗಡಿಯನ್ನು ಅಳೆದು ನೋಡಿದಾಗ ಆ ಸ್ಥಳವು ಇಟಲಿಯ ಕಡೆಗೆ ನೂರು ಮೀಟರಿಗೂ ಕಡಿಮೆ ದೂರದಲ್ಲಿದ್ದುದರಿಂದ, 1998ರಿಂದ ಅವನನ್ನು ಬೊಲ್ಜಾನೋ ನಗರದ ಪ್ರಾಕ್ತನವಸ್ತು ಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಓಟ್ಜ್ ಎಂಬ ಕಣಿವೆಯ ಹೆಸರಿನಿಂದ ಅವನಿಗೆ ಓಟ್ಜಿ ಎಂಬ ಹೆಸರು ಬಂದಿತು. ವಯಸ್ಸು ಸುಮಾರು 45. ಎತ್ತರ ಸುಮಾರು 160 ಸೆಂಟಿಮೀಟರು.

ಅವನ ಸಾಮಗ್ರಿಯನ್ನು ಮೊದಲು ಪರಿಶೀಲಿಸಬೇಕು. ಚಕಮಕಿ ಕಲ್ಲಿನ ಅಲಗಿಗೆ ಮರದ ಹಿಡಿಯನ್ನು ಜೋಡಿಸಿದ ಕಿರುಗತ್ತಿಯೊಂದು; ಉದ್ದವು ಸುಮಾರು 13 ಸೆಂಟಿಮೀಟರು; ಮರದ ನಾರಿನಿಂದ ಹೆಣೆದ ಒರೆಯು ಅದಕ್ಕಿದೆ. ಸೊಂಟದ ಪಟ್ಟಿಗೆ ಹೊಲಿದ ಚರ್ಮದ ಸಂಚಿಯಲ್ಲಿ ಹೆರೆಯುವ ಕಲ್ಲು, ತೂತು ಕೊರೆಯುವ ಕಲ್ಲು, ಚಕ್ಕೆಗಲ್ಲು ಎಂಬ ಮೂರು ಉಪಕರಣಗಳೂ, ಎಲುಬಿನ ದಬ್ಬಣವೂ, ಕಿಡಿಯನ್ನು ಹಿಡಿಯುವ ಒಣಗಿದ ಮರದ ಅಣಬೆಯೂ ಇದ್ದವು. ಇವಲ್ಲದೆ ಮರದ ತುಂಡಿನೊಳಗೆ ಜಿಂಕೆಯ ಕೊಂಬಿನ ಮೊಳೆಯನ್ನು ನಾಟಿದ ಸಣ್ಣ ಕಡ್ಡಿಯೊಂದು ದೊರೆತಿದೆ. ಇದು ಮೊಂಡಾದ ಕಲ್ಲಿನ ಅಂಚನ್ನು ಒತ್ತಿ ಕೆತ್ತಿ ಮತ್ತೆ ಹರಿತಗೊಳಿಸುವುದಕ್ಕಾಗಿ ಇದ್ದಿತು. ತಾಮ್ರದ ಕೊಡಲಿ, ಬಿಲ್ಲು, ಬತ್ತಳಿಕೆ, ಬೆನ್ನಿಗೆ ಹೊರುವ ಚೌಕಟ್ಟು, ಭೂರ್ಜ ಜಾತಿಯ ಮರದ ತೊಗಟೆಯ ಎರಡು ಸಂಪುಟಗಳು ಇವು ಉಳಿದ ಮುಖ್ಯ ಪದಾರ್ಥಗಳು.

ಅಗ್ನಿಯ ವಿಷಯದಲ್ಲಿ ಅವನು ಎರಡು ಉಪಾಯಗಳನ್ನು ಇಟ್ಟುಕೊಂಡಿದ್ದನು. ತೊಗಟೆಯ ಸಂಪುಟವೊಂದರಲ್ಲಿ ಮೇಪಲ್ ಮರದ ಹಸಿಯೆಲೆಗಳೂ ಇದ್ದಿಲ ಚೂರುಗಳೂ ಇದ್ದುದರಿಂದ, ಎಲೆಯಲ್ಲಿ ಸುತ್ತಿದ ಕೆಂಡವನ್ನು ತಂಗುದಾಣದಿಂದ ತಂಗುದಾಣಕ್ಕೆ ಒಯ್ಯುತ್ತಿದ್ದನೆಂದು ವಿದಿತವಾಗುತ್ತದೆ. ಅಣಬೆಯ ಮೇಲೆ ಪೈರೈಟ್ ಎಂಬ ಮಾಕ್ಷಿಕ ಜಾತಿಯ ಅದಿರಿನ ಕಣಗಳು ಕಂಡುಬಂದಿರುವುದರಿಂದ, ಕೆಂಡವು ಆರಿದಾಗ ಆ ಅದಿರನ್ನು ಚಕಮಕಿಗೆ ಬಡಿದು ಕಿಡಿಯನ್ನು ಪಡೆಯುವುದು ಎರಡನೆಯ ಉಪಾಯವಾಗಿದ್ದಿತು. ವೈದಿಕಸಂಪ್ರದಾಯವನ್ನು ಬಲ್ಲವರಿಗೆ ಇಲ್ಲಿ ಒಂದು ಸಾದೃಶ್ಯವು ತೋರದೆ ಇರದು. ಪ್ರವಾಸಕ್ಕೆ ಹೊರಟ ಆಹಿತಾಗ್ನಿಯು ಅಗ್ನಿಯನ್ನು ಅರಣಿಗಳಲ್ಲಿ ಸಮಾರೋಪಣ ಮಾಡಿ, ತಂಗಿದೆಡೆಯಲ್ಲಿ ಮಥಿಸಿ ಮತ್ತೆ ಪಡೆಯುತ್ತಾನೆ. ಅಗ್ನಿಚಯನದಲ್ಲಿ ಯಜಮಾನನು ಉಖೆಯೊಳಗಿನ ಅಗ್ನಿಯನ್ನು ಶಿಕ್ಯದಲ್ಲಿಟ್ಟು ಧರಿಸುತ್ತಾನೆ. ಸಾದೃಶ್ಯಮಾತ್ರದಿಂದ ಸಂಬಂಧವು ಸಿದ್ಧಿಸುವುದಿಲ್ಲ. ಮನೆಯನ್ನು ಬಿಟ್ಟು ನಡೆಯುವವನು ಬೆಂಕಿಯನ್ನು ಹೊತ್ತೊಯ್ಯಬೇಕು, ಇಲ್ಲವೆ ಅದನ್ನು ಹುಟ್ಟಿಸುವ ಸಾಧನವನ್ನು ಒಯ್ಯಬೇಕು ಎಂಬ ಅವಶ್ಯಕತೆಯು ಎಲ್ಲ ದೇಶಗಳಿಗೂ ಸಮಾನವಾಗಿದ್ದಿತೆಂದು ಹೇಳಿದರೆ ಸಾಕು.

ಈ ಪಟ್ಟಿಯನ್ನು ನೋಡಿದವರಿಗೆ, ಈ ಪಥಿಕನು ಯಾವ ಕೊರತೆಯೂ ಇಲ್ಲದೆ ಸರ್ವಸನ್ನದ್ಧನಾಗಿ ಹೊರಟವನೆಂದು ತೋರುವುದು ಸಹಜವಾಗಿದೆ. ಆದರೆ ವಸ್ತುಗಳನ್ನು ಎಣಿಸಿದ ಮಾತ್ರಕ್ಕೆ ಸಾಲದು. ಅವುಗಳ ಅವಸ್ಥೆಯನ್ನೂ ನೋಡಬೇಕು. 182 ಸೆಂಟಿಮೀಟರು ಉದ್ದದ ಬಿಲ್ಲು ಇನ್ನೂ ಪೂರ್ಣವಾಗಿರಲಿಲ್ಲ. ಕೊಡಲಿಯಿಂದ ಕೆತ್ತಿದ ಗುರುತುಗಳು ಅದರ ಮೇಲೆ ಹಾಗೆಯೇ ಇವೆ. ಬತ್ತಳಿಕೆಯಲ್ಲಿದ್ದ 14 ಬಾಣಗಳಲ್ಲಿ 12ಕ್ಕೆ ಮೊನೆಯೂ ಇಲ್ಲ, ಗರಿಯೂ ಇಲ್ಲ; ಸಿದ್ಧವಾಗಿದ್ದ ಎರಡೂ ಮುರಿದಿದ್ದವು. ಕತ್ತಿಯ ತುದಿಯು ಮುರಿದಿದೆ. 2018ರಲ್ಲಿ ಪ್ರಕಟವಾದ ಸೂಕ್ಷ್ಮಪರೀಕ್ಷೆಯು, ಅವನ ಕಲ್ಲಿನ ಉಪಕರಣಗಳು ಮತ್ತೆ ಮತ್ತೆ ಕೆತ್ತಲ್ಪಟ್ಟು ಸವೆದು ಕಿರಿದಾಗಿದ್ದವೆಂದೂ, ಹೊಸ ಚಕಮಕಿ ಕಲ್ಲು ಅವನಿಗೆ ಕೆಲವು ಕಾಲದಿಂದ ದೊರೆತಿರಲಿಲ್ಲವೆಂದೂ ನಿರ್ಣಯಿಸಿತು.

ಇಲ್ಲಿ ಒಂದು ಆಕ್ಷೇಪವುಂಟು. ಶವವೂ ಸಾಮಗ್ರಿಯೂ ಹಿಮದ ಕರಗುವಿಕೆಯಿಂದ ಸ್ಥಳಾಂತರ ಹೊಂದಿರಬಹುದೆಂದೂ, ವಸ್ತುಗಳ ಮುರಿತಕ್ಕೆ ಹಿಮವೇ ಕಾರಣವಾಗಿರಬಹುದೆಂದೂ 2022ರಲ್ಲಿ ಕೆಲವು ವಿದ್ವಾಂಸರು ಪ್ರತಿಪಾದಿಸಿದರು. ಈ ವಾದವು ಉಪೇಕ್ಷಣೀಯವಲ್ಲ. ಮುರಿದ ಬಾಣಗಳನ್ನು ಮಾತ್ರ ನಂಬಿ ಕಾಳಗವನ್ನು ಕಲ್ಪಿಸುವುದು ಯುಕ್ತವಲ್ಲವೆಂದು ಇದರಿಂದ ಸಿದ್ಧವಾಗುತ್ತದೆ. ಆದರೆ ಹಿಮವು ಬಾಣವನ್ನು ಮುರಿಯಬಲ್ಲುದೇ ಹೊರತು, ಪೂರ್ಣವಾದ ಬಿಲ್ಲನ್ನು ಅಪೂರ್ಣವನ್ನಾಗಿ ಮಾಡಲಾರದು. ಮೊಂಡಾದ ಕಲ್ಲಿಗೆ ಹೊಸ ಅಂಚನ್ನು ಕಟ್ಟಲಾರದು. ಆದುದರಿಂದ ಮುರಿತದ ಸಾಕ್ಷ್ಯವನ್ನು ಬಿಟ್ಟುಕೊಟ್ಟರೂ ಕೊರತೆಯ ಸಾಕ್ಷ್ಯವು ನಿಲ್ಲುತ್ತದೆ.

ಆ ಕೊರತೆಯು ಅನ್ನದ್ದಾಗಿರಲಿಲ್ಲ. ಅವನ ಹೊಟ್ಟೆಯಲ್ಲಿ ಕಾಡುಮೇಕೆಯ ಕೊಬ್ಬು, ಜಿಂಕೆಯ ಮಾಂಸ, ಗೋದಿಯ ಜಾತಿಯ ಧಾನ್ಯ ಇವುಗಳ ಅಂಶಗಳು ದೊರೆತಿವೆ. ಕರುಳಿನ ಪರಾಗಗಳಿಂದ, ಕೊನೆಯ ಒಂದೆರಡು ದಿನಗಳಲ್ಲಿ ಅವನು ಎತ್ತರದ ಕಾಡಿನಿಂದ ಕೆಳಗಿಳಿದು ಮತ್ತೆ ಮೇಲೇರಿದನೆಂದು ಊಹಿಸಲಾಗಿದೆ. ಸಾವಿಗೆ ಕೆಲವು ದಿನಗಳ ಹಿಂದೆ ಬಲಗೈಗೆ ಆಳವಾದ ಗಾಯವಾಗಿದ್ದಿತು. ಅವನು ಬಲಗೈಯವನೆಂಬುದು ಉಪಕರಣಗಳ ಸವೆತದಿಂದ ತಿಳಿದುಬಂದಿರುವುದರಿಂದ, ಬಿಲ್ಲಿನ ಕೆಲಸವು ನಿಂತುದಕ್ಕೆ ಈ ಗಾಯವೇ ಕಾರಣವೆಂದು ಊಹಿಸಿದರೆ ಅಸಂಗತವಾಗದು. ಕಡೆಗೆ ಅವನನ್ನು ಕೊಂದುದು ಚಳಿಯಲ್ಲ, ಹಸಿವಲ್ಲ: ಎಡಹೆಗಲಿನಲ್ಲಿ ಹೊಕ್ಕಿದ್ದ ಕಲ್ಲಿನ ಬಾಣದ ಮೊನೆಯು 2001ರಲ್ಲಿ ಕ್ಷಕಿರಣ ಪರೀಕ್ಷೆಯಿಂದ ಬೆಳಕಿಗೆ ಬಂದಿತು.

ಇದರಿಂದ ನಿಷ್ಪನ್ನವಾಗುವ ಅರ್ಥವು ಇಷ್ಟು. ಈ ಸಂಚಿಯ ಒಂದೊಂದು ವಸ್ತುವೂ ಮತ್ತೊಂದನ್ನು ಮಾಡುವುದಕ್ಕಾಗಿ ಇದ್ದಿತು: ಕಡ್ಡಿಯು ಕಲ್ಲನ್ನು ಹರಿತಗೊಳಿಸಲು, ಕಲ್ಲು ಮರವನ್ನು ಹೆರೆಯಲು, ದಬ್ಬಣವು ಹರಿದ ಚರ್ಮವನ್ನು ಹೊಲಿಯಲು. ಯಾವ ಮರವು ಬಿಲ್ಲಿಗೆ ಒಗ್ಗುವುದು, ಯಾವ ಅಣಬೆಯು ಕಿಡಿಯನ್ನು ಹಿಡಿಯುವುದು ಎಂಬ ಅರಿವೇ ಅವನ ನಿಜವಾದ ಪಾಥೇಯವಾಗಿದ್ದಿತು. ಆ ಅರಿವು ಸವೆದ ಕಲ್ಲಿನಿಂದಲೂ ಹೊಸ ಬಿಲ್ಲನ್ನು ಕೆತ್ತಲು ಅವನನ್ನು ತೊಡಗಿಸಿತು. ಕಾಡು, ಹಿಮ, ಬೆಟ್ಟಗಳನ್ನು ಎದುರಿಸಲು ಅದು ಸಾಕಾಗಿದ್ದಿತು. ಬೆನ್ನಟ್ಟಿದ ಮನುಷ್ಯನನ್ನು ಎದುರಿಸಲು ಮಾತ್ರ ಸಾಕಾಗಲಿಲ್ಲ.