ಹಿಂದಿನ ಹಲಗಿ ಯಾವಾಗ ಹಚ್ಚೋರು?

"ರೀ, ಇದಕ್ಕ ಹಿಂದಿನ ಹಲಗಿ ಯಾವಾಗ ಹಚ್ಚೋರು?" ಅಂತ ನನ್ನ ಹೆಂಡ್ತಿ ಕೇಳ್ಲಿಕ್ಕೆ ಶುರು ಮಾಡಿ ಎರಡ ತಿಂಗಳಾತು. ನಾ ಮನ್ಯಾಗ ಮಾಡಿದ ಸ್ಪೀಕರಿಗೆ ಡಬ್ಬಿನ ಇಲ್ಲ. ಒಂದ ಪ್ಲೈವುಡ್ ಹಲಗಿ, ಹಲಗ್ಯಾಗ ತೂತು, ತೂತಿನಾಗ ಸ್ಪೀಕರು. ಹಿಂದ ಹೋಗಿ ನೋಡಿದ್ರ ಮ್ಯಾಗ್ನೆಟ್ಟು, ವೈರು ಎಲ್ಲಾ ಬಯಲು. ಮನಿಗೆ ಬಂದವರೆಲ್ಲಾ ಅರ್ಧಾ ಕೆಲಸ ಉಳದದ ಅಂತನ ತಿಳ್ಕೋತಾರ. ಹಿಂಗಾಗಿ ಇದರ ಇತಿಹಾಸ ಒಮ್ಮೆ ಬರದ ಬಿಡೋಣ ಅಂತ ಕೂತೇನಿ.

ಬೆನ್ನು ಬಯಲ ಬಿಡೋದು ಹೊಸಾದೇನಲ್ಲ. ಇವತ್ತಿನ ಕೋನ್ ಸ್ಪೀಕರಿಗೆ ದಾರಿ ಹಾಕಿಕೊಟ್ಟ ಪ್ರಬಂಧಾ ಅಮೇರಿಕಾದ ಜನರಲ್ ಇಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತ ಕೆಲಾಗ್ 1925ರಾಗ ಪ್ರಕಟ ಮಾಡಿದ್ರು. ಆಮ್ಯಾಲೆ ಬಂದ ಎಷ್ಟೋ ವಾಲ್ವ್ ರೇಡಿಯೋದ ಹಿಂದ ಬರೇ ತೂತಿನ ರಟ್ಟು. ನಮ್ಮ ಅಜ್ಜನ ರೇಡಿಯೋಕ್ಕೂ ಹಂಗ ಇತ್ತು, ಅದರಾಗ ಗುಬ್ಬಿ ಗೂಡ ಕಟ್ಟಿತ್ತು. ತ್ರಾಸ ಏನಂದ್ರ, ಕೋನು ಮುಂದ ಗಾಳಿ ದಬ್ಬಿದಾಗ ಹಿಂದ ಎಳಕೊಳ್ತದ. ಆ ಎರಡೂ ಅಲೆ ಹಲಗಿ ಅಂಚಿನಾಗ ಭೆಟ್ಟಿ ಆಗಿ ಒಂದನ್ನೊಂದು ಕೊಂದ ಹಾಕ್ತಾವ. 100 ಹರ್ಟ್ಸ್ ಅಲೆ ಸುಮಾರು 3.4 ಮೀಟರ್ ಉದ್ದ, ನನ್ನ ಹಲಗಿ ಅಗಲ 40 ಸೆಂಟಿಮೀಟರ್. ಬಾಸ್ ಎಲ್ಲಿ ಉಳೀಬೇಕು? ಅದಕ್ಕ ಮಂದಿ ಡಬ್ಬಿ ಮಾಡಿ ಮುಚ್ಚಿದ್ರು. ಮುಚ್ಚಿದ ಮ್ಯಾಲೆ ಸ್ಪೀಕರಿನ ಜೋಡಿ ಡಬ್ಬೀನೂ ಹಾಡ್ಲಿಕ್ಕೆ ಹತ್ತಿತು, ಅದ ಬ್ಯಾರೆ ಮಾತು.

ಮುಚ್ಚಲಾರದ ಉಳದವರೂ ಇದ್ರು. ಇಂಗ್ಲೆಂಡಿನ ಹಂಟಿಂಗ್ಡನ್‌ದಾಗ ಪೀಟರ್ ವಾಕರ್ ಅನ್ನೋರು 1957ರಾಗ ಕ್ವಾಡ್ ಇಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಮಾರಾಟಕ್ಕ ತಂದ್ರು. ತೆಳು ಪ್ಲಾಸ್ಟಿಕ್ ಪರದೆ, ಅದಕ್ಕ ಸಾವಿರಗಟ್ಟಲೆ ವೋಲ್ಟು. ಧ್ವನಿ ಮುಂದೂ ಹಿಂದೂ ಎರಡೂ ಕಡೆ. ಆ ವೋಲ್ಟಿನ ರಗಳೆ ಇಲ್ಲದ ಅಂಥಾದ್ದನ್ನ ಮಾಡಿದವರು ಅಮೇರಿಕಾದ ಜಿಮ್ ವೈನಿ. 3ಎಂ ಕಂಪನ್ಯಾಗ ಎಂಜಿನಿಯರ್ ಇದ್ದವರು, 1969ರಾಗ ಮಿನೆಸೋಟಾದಾಗ ಮ್ಯಾಗ್ನೆಪಾನ್ ಶುರು ಮಾಡಿದ್ರು. ಮೈಲಾರ್ ಹಾಳ್ಯಾಗ ವೈರ್ ಅಂಟಿಸಿ, ಅದನ್ನ ಅಯಸ್ಕಾಂತದ ಎದರಿಗೆ ಬಿಗದ್ರು, ಅಷ್ಟ. ಪ್ಲೇನರ್ ಅಂದ್ರ ಇದ. ಆದ್ರ ಆಗಿನ ಅಯಸ್ಕಾಂತಕ್ಕ ಅಷ್ಟ ಶಕ್ತಿ ಇರಲಿಲ್ಲ, ಹಿಂಗಾಗಿ ಸ್ಪೀಕರು ಬಾಗಲಾ ಕಿತ್ತ ತಂದ ನಿಲ್ಲಿಸಿದಂಗ ಆಗ್ತಿತ್ತು.

ಮನ್ಯಾಗ ಮಾಡಿಕೊಳ್ಳೋರಿಗೆ ಈ ಹುಚ್ಚ ಹಿಡಿಸಿದವರು ಸೀಗ್‌ಫ್ರೀಡ್ ಲಿಂಕ್‌ವಿಟ್ಸ್. ಹ್ಯೂಲೆಟ್-ಪ್ಯಾಕರ್ಡ್‌ದಾಗ ಎಂಜಿನಿಯರ್ ಇದ್ದವರು, 2018ರಾಗ ತೀರಿಕೊಂಡ್ರು. ಬಯಲ ಬೆನ್ನಿನಾಗ ಹೋದ ಬಾಸ್ ಅನ್ನ ಇಲೆಕ್ಟ್ರಾನಿಕ್ಸಿನಿಂದ ಎತ್ತಿ ಕೊಡಬಹುದು ಅಂತ ಲೆಕ್ಕ ಹಾಕಿ, ನಕ್ಷೆ ಬರದ ಕೊಟ್ರು. ಆದ್ರ ಒಂದ ಪೇಚು ಉಳೀತು. ಗುಮ್ಮಟದಂಥಾ ಮಾಮೂಲಿ ಟ್ವೀಟರಿನ ಬೆನ್ನಿಗೆ ಅಯಸ್ಕಾಂತದ ಗಡ್ಡಿ, ಹಿಂದ ಧ್ವನಿ ಬರೂದೇ ಇಲ್ಲ. ಕೆಳಗಿನ ಸ್ವರ ಎರಡೂ ಕಡೆ, ಮ್ಯಾಲಿನ ಸ್ವರ ಒಂದ ಕಡೆ. ಅವರ ಓರಾಯನ್ ಸ್ಪೀಕರಿಗೆ ಆಮ್ಯಾಲೆ ಹಿಂದ ಇನ್ನೊಂದ ಟ್ವೀಟರ್ ಕೂಡಿಸಬೇಕಾತು.

ಇಲ್ಲೆ ಸಣ್ಣ ಪ್ಲೇನರ್ ಟ್ವೀಟರ್ ಕೆಲಸಕ್ಕ ಬಂತು. 1980ರ ದಶಕದಾಗ ನಿಯೋಡಿಮಿಯಮ್ ಅಯಸ್ಕಾಂತ ಬಂದ ಮ್ಯಾಲೆ, ಬಾಗಲದಷ್ಟ ಇದ್ದದ್ದು ಅಂಗೈಯಷ್ಟ ಆತು. ಬಿ.ಜಿ. ಕಂಪನಿಯ ನಿಯೋ3 ಅಂಥಾದ್ದು: ಹಿಂದ ಒಂದ ಮುಚ್ಚಳ, ಅದನ್ನ ಬಿಚ್ಚಿದ್ರ ಪಟ್ಟಿ ಸಂದಿಯಿಂದ ಧ್ವನಿ ಹಿಂದೂ ಬರ್ತದ. ಮುಚ್ಚಳ ತಗದ ಮ್ಯಾಲೆ ಅದರ ಕೆಳಗಿನ ತ್ರಾಣ ಕಡಿಮಿ ಆಗ್ತದ, ಅದಕ್ಕ ನಾ 3000 ಹರ್ಟ್ಸ್ ಮ್ಯಾಲಿಂದಷ್ಟ ಅದಕ್ಕ ಬಿಟ್ಟೇನಿ.

ಅಂಥಾ ಒಂದ ಜೋಡಿ ನಾನೂ ತರಿಸಿದೆ, ಮಿಕ್ಸರಿಗೆ ಅಂತ ಹೆಂಡ್ತಿ ಇಟ್ಟ ರೊಕ್ಕದಾಗ. ಮೊದಲನೇದ್ದರ ಮುಚ್ಚಳ ಬಿಚ್ಚೋ ಮುಂದ ಅಯಸ್ಕಾಂತ ನನ್ನ ಕೈಯಾಗಿನ ಸ್ಕ್ರೂಡ್ರೈವರ್ ಜಗ್ಗಿ ಎಳಕೊಂಡ್ತು. ಟಪ್ ಅಂತು, ಒಳಗಿನ ಹಾಳಿ ಹರೀತು. ಆ ರಾತ್ರಿ ನಾ ಊಟಕ್ಕ ಏಳಲಿಲ್ಲ, ಯಾಕ ಅಂತ ಹೇಳ್ಲೂ ಇಲ್ಲ. ಎರಡನೇ ಸಲ ತರಿಸೋ ಮುಂದ ಹೇಳಬೇಕಾತು, ಮಿಕ್ಸರ್ ಮತ್ತ ಮುಂದಕ್ಕ ಹೋತು. ಈ ಸಲ ಹಿತ್ತಾಳಿ ಸ್ಕ್ರೂಡ್ರೈವರ್.

ಕಡೀ ಜಗಳ ಜಾಗಾದ್ದು. ಹಿಂದಿನ ಧ್ವನಿ ಗ್ವಾಡಿಗೆ ಬಡದ ಬರಬೇಕು, ಲಗೂನ ಬಂದ್ರ ರಾಡಿ. ಗ್ವಾಡಿಯಿಂದ ಒಂದ ಮೀಟರ್ ಮುಂದಿಟ್ಟರ ಹೋಗಿ ಬರ್ಲಿಕ್ಕೆ ಎರಡು ಮೀಟರ್, ಸುಮಾರು 6 ಮಿಲಿಸೆಕೆಂಡ್ ತಡಾ. ಆವಾಗ ಕಿವಿ ಅದನ್ನ ಬ್ಯಾರೆ ಮಾಡಿ ತಗೋತದ. ನಮ್ಮ ಪಡಸಾಲಿ ಇರೋದ ಹತ್ತು ಫೂಟು, ಅದರಾಗ ಅವ್ವನ ಮಂಚ ಬ್ಯಾರೆ. ಕಡೀಕ ನೆಲಕ್ಕ ಟೇಪ್ ಹಚ್ಚಿ ಗುರ್ತು ಮಾಡೇನಿ: ರಾತ್ರಿ ಮುಂದ ಎಳೀಬೇಕು, ಮುಂಜಾನೆ ಕಸಾ ಹೊಡಿಯೋದರೊಳಗ ಹಿಂದ ಸರಸಬೇಕು.

ಹೋದ ಶನಿವಾರ ಮಲ್ಲಿಕಾರ್ಜುನ ಮನಸೂರ ಅವರ ಹಾಡು ಹಚ್ಚಿದ್ದೆ. ಮಂಚದ ಮ್ಯಾಲೆ ಮಲ್ಕೊಂಡಿದ್ದ ಅವ್ವ ಕಣ್ಣ ತಗೀಲಾರದ, "ತಂಬೂರಿ ಗ್ವಾಡಿ ಆಚೆ ಕೂತಂಗ ಕೇಳ್ತದಲ್ಲೋ" ಅಂದ್ಲು.

ನನ್ನ ಹೆಂಡ್ತಿ ಒಳಗಿಂದ, "ಹಂಗಾರ ಹಲಗಿ ಹಚ್ಚಂಗಿಲ್ಲ ಅನ್ರಿ" ಅಂದ್ಲು. ಒಳ್ಳಾಗ ಚಟ್ನಿ ರುಬ್ಬಲಿಕ್ಕೆ ಹತ್ತಿದ್ಲು.