ಲಾರಿಯ ಎಂಜಿನ್ನು ಓಟದ ಕಣದಲ್ಲಿ

ಡೀಸೆಲ್ ಎಂದೊಡನೆ ನಮಗೆ ನೆನಪಾಗುವುದು ಲಾರಿ, ಬಸ್ಸು, ಟ್ರ್ಯಾಕ್ಟರು, ಹೊಲದ ಬದುವಿನಲ್ಲಿ ಡಗಡಗ ಎನ್ನುವ ಪಂಪ್‌ಸೆಟ್ಟು. ಪೆಟ್ರೋಲ್ ಎಂದೊಡನೆ ಸ್ಕೂಟರು, ಕಾರು, ಮೋಟಾರ್ ರೇಸು. ಒಂದು ದುಡಿಯುವ ಎತ್ತು, ಇನ್ನೊಂದು ಓಡುವ ಕುದುರೆ. ಈ ಹಂಚಿಕೆ ನಮ್ಮ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಡೀಸೆಲ್ ಕಾರು ಪೆಟ್ರೋಲ್ ಕಾರಿನಷ್ಟು ಚುರುಕಾಗಿ ಓಡಬಲ್ಲುದೆ ಎಂಬ ಪ್ರಶ್ನೆಯೇ ಅನೇಕರಿಗೆ ತಮಾಷೆಯಾಗಿ ಕಾಣುತ್ತದೆ. ಆದರೆ ಜಗತ್ತಿನ ಅತಿ ಕಠಿಣ ಮೋಟಾರು ಸ್ಪರ್ಧೆಗಳಲ್ಲೊಂದಾದ ಫ್ರಾನ್ಸಿನ ಲ ಮಾನ್ 24 ಗಂಟೆಗಳ ಓಟವನ್ನು 2006ರಿಂದ 2014ರವರೆಗೆ ಸತತವಾಗಿ ಒಂಬತ್ತು ವರ್ಷ ಗೆದ್ದದ್ದು ಡೀಸೆಲ್ ಎಂಜಿನ್ನಿನ ಕಾರುಗಳು. ಎತ್ತು ಕುದುರೆಗಳ ಕಣಕ್ಕೆ ಬಂದದ್ದು ಹೇಗೆ? ಗೆದ್ದದ್ದು ತನ್ನ ಕಾಲಬಲದಿಂದಲೋ, ಕಣದ ನಿಯಮ ಬರೆದವರ ಕೃಪೆಯಿಂದಲೋ?

ಎರಡೂ ಎಂಜಿನ್ನುಗಳ ಒಳಗೆ ಏನು ನಡೆಯುತ್ತದೆಂಬುದನ್ನು ಮೊದಲು ನೋಡೋಣ. ಪೆಟ್ರೋಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಗಾಳಿಯೂ ಇಂಧನವೂ ಮೊದಲೇ ಬೆರೆತಿರುತ್ತವೆ. ಪಿಸ್ಟನ್ ಆ ಮಿಶ್ರಣವನ್ನು ಸುಮಾರು ಹತ್ತನೆಯ ಒಂದು ಭಾಗಕ್ಕೆ ಒತ್ತಿದ ಮೇಲೆ ಸ್ಪಾರ್ಕ್ ಪ್ಲಗ್ಗಿನ ಕಿಡಿ ತಗಲಿ ಅದು ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಬರಿಯ ಗಾಳಿಯನ್ನು ಇಪ್ಪತ್ತನೆಯ ಒಂದು ಭಾಗದಷ್ಟಕ್ಕೆ ಅದುಮಲಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರುತ್ತೀರಿ. ಇಲ್ಲಿ ಅದೇ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕಾದ ಗಾಳಿಯೊಳಕ್ಕೆ ಡೀಸೆಲನ್ನು ಸಿಂಪಡಿಸಿದರೆ ಅದು ತಾನಾಗಿಯೇ ಉರಿಯುತ್ತದೆ.

ಇಷ್ಟು ಒತ್ತಿದ್ದರಿಂದ ಲಾಭವೇನೋ ಇದೆ. ಅದೇ ಇಂಧನದಿಂದ ಹೆಚ್ಚು ಕೆಲಸ ತೆಗೆಯಬಹುದು. ಆದರೆ ಅದಕ್ಕೆ ಎರಡು ಕಡೆಯಿಂದ ದಂಡ ತೆರಬೇಕು. ಅಷ್ಟು ಒತ್ತಡವನ್ನು ತಡೆಯಲು ಸಿಲಿಂಡರು, ಪಿಸ್ಟನ್ನು, ದಂಡಗಳೆಲ್ಲ ದಪ್ಪವಾಗಬೇಕು, ಅಂದರೆ ತೂಕ. ಎರಡನೆಯದು ಇನ್ನೂ ಮುಖ್ಯವಾದದ್ದು. ಸಿಂಪಡಿಸಿದ ಹನಿಗಳು ಆವಿಯಾಗಿ, ಗಾಳಿಯೊಡನೆ ಬೆರೆತು, ಉರಿದು ಮುಗಿಯಲು ಸಮಯ ಬೇಕು. ಪೆಟ್ರೋಲ್ ಎಂಜಿನ್ನು ನಿಮಿಷಕ್ಕೆ ಆರು, ಏಳು ಸಾವಿರ ಸುತ್ತು ತಿರುಗುವಾಗ, ಕಾರಿನ ಡೀಸೆಲ್ ಎಂಜಿನ್ನು ಐದು ಸಾವಿರದ ಹತ್ತಿರ ಬರುವಷ್ಟರಲ್ಲಿ ಏದುಸಿರು ಬಿಡುತ್ತದೆ. ಸ್ಪೋರ್ಟ್ಸ್ ಕಾರಿಗೆ ಬೇಕಾದದ್ದು ಹಗುರ ಮೈ ಮತ್ತು ವೇಗವಾಗಿ ತಿರುಗುವ ಎಂಜಿನ್ನು. ಡೀಸೆಲ್ ಎರಡರಲ್ಲೂ ಹಿಂದೆ.

ರುಡಾಲ್ಫ್ ಡೀಸೆಲ್‌ಗೆ ಓಟದ ಗೀಳೇನೂ ಇರಲಿಲ್ಲ. ಉಗಿಯಂತ್ರ ಕಲ್ಲಿದ್ದಲಿನ ಶಾಖದಲ್ಲಿ ಬಹುಪಾಲನ್ನು ಪೋಲು ಮಾಡುತ್ತಿತ್ತು. ಆ ಪೋಲನ್ನು ತಪ್ಪಿಸುವುದೇ ಅವರ ಹಂಬಲ. 1897ರ ಫೆಬ್ರುವರಿಯಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಪರೀಕ್ಷೆಗೆ ನಿಂತ ಅವರ ಎಂಜಿನ್ನು ಸುಮಾರು ಮೂರು ಮೀಟರ್ ಎತ್ತರವಿತ್ತು, ನಿಮಿಷಕ್ಕೆ ಸುಮಾರು 150 ಸುತ್ತು ತಿರುಗುತ್ತಿತ್ತು, 20 ಅಶ್ವಶಕ್ತಿಯ ಆಸುಪಾಸಿನಲ್ಲಿತ್ತು. ಇಂಧನದ ಶಾಖದಲ್ಲಿ ಶೇಕಡಾ 26ರಷ್ಟನ್ನು ಅದು ಕೆಲಸವಾಗಿ ಮಾರ್ಪಡಿಸಿತು. ಆ ಕಾಲಕ್ಕೆ ಅದೊಂದು ಪವಾಡ. ಆದರೆ ಆ ಗೋಪುರವನ್ನು ಯಾವ ಗಾಡಿಯ ಮೇಲೂ ಕೂಡಿಸುವಂತಿರಲಿಲ್ಲ. ಡೀಸೆಲ್ 1913ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ಕಾಣೆಯಾಗಿ ತೀರಿಕೊಂಡರು. ಜನರು ಕೊಂಡು ಓಡಿಸುವ ಡೀಸೆಲ್ ಕಾರನ್ನು ಅವರು ನೋಡಲಿಲ್ಲ.

ಎಂಜಿನ್ನು ಚಿಕ್ಕದಾಗಲು ದಾರಿ ಮಾಡಿಕೊಟ್ಟದ್ದು ಇಂಧನದ ಪಂಪು. 1927ರಲ್ಲಿ ರಾಬರ್ಟ್ ಬಾಷ್ ಅವರ ಸಂಸ್ಥೆ ಅತಿ ಸಣ್ಣ ಪ್ರಮಾಣದ ಇಂಧನವನ್ನು ಸರಿಯಾದ ಗಳಿಗೆಯಲ್ಲಿ, ಭಾರಿ ಒತ್ತಡದಲ್ಲಿ ಚಿಮ್ಮಿಸುವ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಬೆಂಗಳೂರಿನವರಿಗೆ ಇದು ಪರಕೀಯ ವಿಷಯವಲ್ಲ. 1951ರಲ್ಲಿ ಹುಟ್ಟಿದ, ನಾವೆಲ್ಲ ಮೈಕೋ ಎಂದೇ ಕರೆಯುತ್ತಿದ್ದ ಆಡುಗೋಡಿಯ ಕಾರ್ಖಾನೆ ಇದೇ ಬಾಷ್ ಮನೆತನದ್ದು. ಪೆಟ್ರೋಲ್ ಎಂಜಿನ್ನಿನ ಪ್ರಾಣವಾದ ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಎಂಜಿನ್ನಿನ ಪ್ರಾಣವಾದ ಪಂಪನ್ನೂ ಮೈಕೋ ತಯಾರಿಸುತ್ತಿತ್ತು.

1936ರಲ್ಲಿ ಬರ್ಲಿನ್ ಪ್ರದರ್ಶನಕ್ಕೆ ಬಂದ ಮರ್ಸಿಡಿಸ್ ಬೆಂಜ್ 260 ಡಿ, ಕಾರಿನಲ್ಲಿ ಡೀಸೆಲ್ ಇರಿಸಿದ ಮೊದಲಿಗರಲ್ಲಿ ಒಂದು. ಅದರ ಬಲ 45 ಅಶ್ವಶಕ್ತಿ. ಅದನ್ನು ಮೆಚ್ಚಿಕೊಂಡವರು ಟ್ಯಾಕ್ಸಿ ಚಾಲಕರು. ಡೀಸೆಲ್ ಕಾರೆಂದರೆ ಮಿತವ್ಯಯದ, ನಿಧಾನದ ಕಾರು ಎಂಬ ಹೆಸರು ಅಲ್ಲಿಂದಲೇ ಅಂಟಿತು.

ಆದರೆ ಅದಕ್ಕೆ ಐದು ವರ್ಷ ಮೊದಲೇ ಅಮೆರಿಕದಲ್ಲಿ ಬೇರೊಂದು ಕಥೆ ನಡೆದಿತ್ತು. ಇಂಡಿಯಾನಾ ರಾಜ್ಯದ ಕ್ಲೆಸ್ಸಿ ಕಮಿನ್ಸ್ ಸಣ್ಣ ಡೀಸೆಲ್ ಎಂಜಿನ್ ಕಾರ್ಖಾನೆಯ ಒಡೆಯ. 1929ರ ಆರ್ಥಿಕ ಕುಸಿತದಲ್ಲಿ ಎಂಜಿನ್ನು ಕೊಳ್ಳುವವರಿಲ್ಲ. ಅವರು ಒಂದು ಡೀಸೆಲ್ ಎಂಜಿನ್ನನ್ನು ಹಳೆಯ ಪ್ಯಾಕಾರ್ಡ್ ಕಾರಿಗೆ ಕೂಡಿಸಿ, 1930ರ ಜನವರಿಯಲ್ಲಿ ತಾವೇ ನ್ಯೂಯಾರ್ಕ್ ವಾಹನ ಪ್ರದರ್ಶನಕ್ಕೆ ಓಡಿಸಿಕೊಂಡು ಹೋದರು. ಸುಮಾರು 800 ಮೈಲಿಯ ದಾರಿಗೆ ತಗಲಿದ ಇಂಧನದ ಖರ್ಚು ಒಂದೂವರೆ ಡಾಲರಿಗೂ ಕಡಿಮೆ. ಮರುವರ್ಷ ಇನ್ನೂ ದೊಡ್ಡ ಸಾಹಸ. 1931ರ ಇಂಡಿಯಾನಾಪೊಲಿಸ್ 500 ಮೈಲಿ ಓಟದಲ್ಲಿ ಅವರ ಕಾರನ್ನು ಡೇವ್ ಇವಾನ್ಸ್ ಓಡಿಸಿದರು. ಗೆದ್ದ ಕಾರಿನ ಸರಾಸರಿ ವೇಗ ಗಂಟೆಗೆ 96 ಮೈಲಿ, ಕಮಿನ್ಸ್ ಕಾರಿನದು 86. ದೊರೆತದ್ದು ಹದಿಮೂರನೆಯ ಸ್ಥಾನ. ಆದರೆ ಉಳಿದವರೆಲ್ಲ ಇಂಧನಕ್ಕೂ ಟೈರಿಗೂ ನಿಂತು ನಿಂತು ಹೋದರೆ, ಆ ಡೀಸೆಲ್ ಕಾರು 500 ಮೈಲಿಯನ್ನೂ ಒಂದೇ ಒಂದು ಸಲ ನಿಲ್ಲದೆ ಮುಗಿಸಿತು. ಆ ಕಣದಲ್ಲಿ ಹಾಗೆ ಮಾಡಿದ ಮೊದಲ ಕಾರು ಅದು. ಆಮೆ ಗೆಲ್ಲಲಿಲ್ಲ, ನಿಜ. ಆದರೆ ಮೊಲಗಳಿಗೆ ತನ್ನ ಉಪಾಯವನ್ನು ತೋರಿಸಿಕೊಟ್ಟಿತು.

1952ರಲ್ಲಿ ಕಮಿನ್ಸ್ ಸಂಸ್ಥೆ ಅದೇ ಕಣಕ್ಕೆ ತಂದ ಕಾರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಎತ್ತರದ ಲಾರಿ ಎಂಜಿನ್ನನ್ನು ಪಕ್ಕಕ್ಕೆ ಮಲಗಿಸಿ, ಕಾರನ್ನು ನೆಲಕ್ಕೆ ಅಂಟಿದಂತೆ ತಗ್ಗಾಗಿ ಕಟ್ಟಿದ್ದರು. ಹೊಗೆಯಾಗಿ ಹೊರಬೀಳುವ ಅನಿಲದಿಂದಲೇ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದರಿಂದ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುವ ಟರ್ಬೋಚಾರ್ಜರನ್ನು ಆ ಕಣದಲ್ಲಿ ಮೊದಲ ಬಾರಿಗೆ ಬಳಸಿದ್ದರು. ಗಾಳಿ ಹೆಚ್ಚಾದರೆ ಹೆಚ್ಚು ಇಂಧನ ಉರಿಸಬಹುದು. ಚಾಲಕ ಫ್ರೆಡ್ ಅಗಬಾಶಿಯನ್ ಅರ್ಹತಾ ಸುತ್ತಿನಲ್ಲಿ ಗಂಟೆಗೆ 138 ಮೈಲಿ ವೇಗದ ದಾಖಲೆ ಸ್ಥಾಪಿಸಿ ಮೊದಲ ಸಾಲಿನ ಮೊದಲ ಜಾಗವನ್ನು ಹಿಡಿದರು. ನೋಡಿದವರು ಬೆರಗಾದರು. ಓಟದ ದಿನ ಮಾತ್ರ 200 ಸುತ್ತುಗಳಲ್ಲಿ 71 ಮುಗಿಯುವಷ್ಟರಲ್ಲಿ ಟರ್ಬೋಚಾರ್ಜರಿನ ಬಾಯಿಗೆ ಹಾದಿಯ ಮೇಲಿನ ರಬ್ಬರಿನ ಪುಡಿ ಮೆತ್ತಿಕೊಂಡು, ಉಸಿರುಕಟ್ಟಿ ಕಾರು ನಿಂತಿತು. ಒಂದು ಅಂಶವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅಂದಿನ ನಿಯಮದಂತೆ ಟರ್ಬೋ ಮುಂತಾದ ಸಹಾಯವಿಲ್ಲದ ಪೆಟ್ರೋಲ್ ಎಂಜಿನ್ನಿಗೆ 4.5 ಲೀಟರಿನ ಮಿತಿ, ಡೀಸೆಲ್ಲಿಗೆ 6.6 ಲೀಟರು. ತಕ್ಕಡಿ ಸಮವಾಗಿರಲಿಲ್ಲ.

ಯೂರೋಪಿನ ರಸ್ತೆಗಳಲ್ಲಿ ಪರಿಸ್ಥಿತಿ ಬೇರೆಯೇ ಇತ್ತು. ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರನ್ನೇ ತೆಗೆದುಕೊಳ್ಳಿ. 1976ರಲ್ಲಿ ಬಂದ ಅದರ ಜಿಟಿಐ ಪೆಟ್ರೋಲ್ ಮಾದರಿಯ 1.6 ಲೀಟರ್ ಎಂಜಿನ್ನು ಕೊಡುತ್ತಿದ್ದುದು 110 ಅಶ್ವಶಕ್ತಿ. ಅದಕ್ಕೆ ಜೋಡಿಯಾಗಿ 1982ರಲ್ಲಿ ಬಂದ ಜಿಟಿಡಿ ಎಂಬ ಸ್ಪೋರ್ಟ್ಸ್ ಡೀಸೆಲ್, ಟರ್ಬೋ ಇದ್ದೂ ಅಷ್ಟೇ ಗಾತ್ರದ ಎಂಜಿನ್ನಿನಿಂದ ಕೊಟ್ಟದ್ದು 70. ಹೆಸರಿನಲ್ಲಿ ಸ್ಪೋರ್ಟ್ಸ್ ಇದ್ದಷ್ಟು ಕಾಲಿನಲ್ಲಿ ಇರಲಿಲ್ಲವೆಂದೇ ಹೇಳಬೇಕು. ಮರ್ಸಿಡಿಸ್ ಸಂಸ್ಥೆ 1978ರಲ್ಲಿ ಇಟಲಿಯ ನಾರ್ಡೋದಲ್ಲಿ ಸಿ 111 ಎಂಬ ಪ್ರಯೋಗದ ಕಾರನ್ನು 12 ಗಂಟೆ ಕಾಲ ಸರಾಸರಿ 314 ಕಿಲೋಮೀಟರ್ ವೇಗದಲ್ಲಿ ಓಡಿಸಿ ತೋರಿಸಿದ್ದು ನಿಜ. ಆದರೆ ಅದರ ಗುಟ್ಟು ಅರ್ಧ ಎಂಜಿನ್ನಿನಲ್ಲಿದ್ದರೆ ಇನ್ನರ್ಧ ಗಾಳಿಯನ್ನು ಸೀಳುವ ಮೀನಿನಂಥ ಮೈಯಲ್ಲಿತ್ತು.

ನಿಜವಾದ ತಿರುವು ಬಂದದ್ದು 1989 ಮತ್ತು 1997ರ ನಡುವೆ. 1989ರಲ್ಲಿ ಆಡಿ ಸಂಸ್ಥೆ ತನ್ನ 100 ಟಿಡಿಐ ಕಾರಿನಲ್ಲಿ ಇಂಧನವನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಸಿಂಪಡಿಸಿ, ಅದರ ಪ್ರಮಾಣವನ್ನು ವಿದ್ಯುನ್ಮಾನ ಸಾಧನಕ್ಕೆ ಒಪ್ಪಿಸಿತು. 1997ರಲ್ಲಿ ಆಲ್ಫಾ ರೋಮಿಯೊ 156 ಕಾರಿನೊಡನೆ ಕಾಮನ್ ರೈಲ್ ಪದ್ಧತಿ ಬಂತು. ಎಲ್ಲ ಸಿಲಿಂಡರುಗಳಿಗೂ ಸೇರಿ ಒಂದೇ ಕೊಳವೆಯಲ್ಲಿ ಇಂಧನವನ್ನು ವಾಯುಮಂಡಲದ ಒತ್ತಡದ ಸಾವಿರ ಪಟ್ಟಿಗೂ ಮಿಕ್ಕ ಒತ್ತಡದಲ್ಲಿ ಸಿದ್ಧವಾಗಿ ಇಟ್ಟುಕೊಂಡು, ಬೇಕಾದಾಗ ಬೇಕಾದಷ್ಟನ್ನು ಚಿಮ್ಮಿಸುವ ಏರ್ಪಾಡು ಇದು. ಒತ್ತಡ ಹೆಚ್ಚಾದಂತೆ ಹನಿ ಸಣ್ಣದಾಗುತ್ತದೆ, ಹನಿ ಸಣ್ಣದಾದಂತೆ ಬೇಗ ಉರಿಯುತ್ತದೆ. ಸಮಯ ಸಾಲದೆಂಬ ಹಳೆಯ ಕೊರತೆಗೆ ಮದ್ದು ಸಿಕ್ಕಿತು. 1998ರಲ್ಲೇ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ 24 ಗಂಟೆಗಳ ಓಟವನ್ನು ಬಿಎಂಡಬ್ಲ್ಯು 320ಡಿ ಗೆದ್ದಿತು. 24 ಗಂಟೆಗಳ ಓಟವೊಂದನ್ನು ಡೀಸೆಲ್ ಗೆದ್ದದ್ದು ಅದೇ ಮೊದಲು.

ಈ ಹೊಸ ಡೀಸೆಲ್ಲಿನ ಗುಣವೇನೆಂದು ತಿಳಿಯಲು ನಮ್ಮ ರಸ್ತೆಗಳ ಒಂದು ಉದಾಹರಣೆ ಸಾಕು. 2007ರಲ್ಲಿ ಮಾರುತಿ ಸ್ವಿಫ್ಟ್ ಒಂದೇ ಮೈಕಟ್ಟಿನಲ್ಲಿ 1.3 ಲೀಟರಿನ ಎರಡು ಎಂಜಿನ್ನುಗಳೊಡನೆ ದೊರೆಯುತ್ತಿತ್ತು. ಪೆಟ್ರೋಲಿನದು 87 ಅಶ್ವಶಕ್ತಿ, ಡೀಸೆಲಿನದು 75. ಆದರೆ ಟಾರ್ಕ್, ಅಂದರೆ ತಿರುಗಿಸುವ ಬಲ, ಪೆಟ್ರೋಲಿಗೆ 4500 ಸುತ್ತಿನಲ್ಲಿ 113 ನ್ಯೂಟನ್ ಮೀಟರ್. ಡೀಸೆಲಿಗೆ 2000 ಸುತ್ತಿನಲ್ಲೇ 190. ಟಾರ್ಕನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 9550ರಿಂದ ಭಾಗಿಸಿದರೆ ಶಕ್ತಿ ಕಿಲೋವ್ಯಾಟ್‌ಗಳಲ್ಲಿ ಸಿಗುತ್ತದೆ. ನೀವೇ ಲೆಕ್ಕ ಹಾಕಿ ನೋಡಿ: 2000 ಸುತ್ತಿನಲ್ಲಿ ಡೀಸೆಲ್ ಸುಮಾರು 40 ಕಿಲೋವ್ಯಾಟ್ ಕೊಡುತ್ತದೆ, ಪೆಟ್ರೋಲ್ 24ಕ್ಕಿಂತ ಹೆಚ್ಚು ಕೊಡಲಾರದು. ಘಾಟಿಯ ಏರಿನಲ್ಲಿ ಗೇರು ಬದಲಿಸದೆ ಲಾರಿಯನ್ನು ಹಿಂದೆ ಹಾಕುವ ಡೀಸೆಲ್ ಕಾರಿನ ರಹಸ್ಯ ಇದೇ. ಆದರೆ ಇಲ್ಲಿಗೇ ತೀರ್ಪು ಕೊಡಬೇಡಿ. ಪೆಟ್ರೋಲ್ ಕಾರಿನ ಚಾಲಕ ಕೆಳಗಿನ ಗೇರಿಗೆ ಇಳಿಸಿ ಎಂಜಿನ್ನನ್ನು 6000 ಸುತ್ತಿಗೆ ಏರಿಸಿದರೆ ಅವನ ಕೈಗೆ 64 ಕಿಲೋವ್ಯಾಟ್ ಬರುತ್ತದೆ, ಡೀಸೆಲ್ 55ಕ್ಕೆ ನಿಲ್ಲುತ್ತದೆ. ಗೇರು ಹಾಕುವ ಉತ್ಸಾಹವಿದ್ದವನಿಗೆ ಪೆಟ್ರೋಲೇ ಮುಂದು.

ಲ ಮಾನ್‌ನ ಕಥೆಗೆ ಬರೋಣ. ಅಲ್ಲಿ ಮೊದಲ ಡೀಸೆಲ್ ಕಾರು ಕಾಣಿಸಿಕೊಂಡದ್ದು 1949ರಲ್ಲಿ, ಡೆಲೆಟ್ರೆ ಸೋದರರದು. ಓಟವನ್ನು ಅದು ಮುಗಿಸಲಿಲ್ಲ. 2006ರ ಜೂನ್‌ನಲ್ಲಿ ಆಡಿ ಆರ್ 10 ಟಿಡಿಐ ಗೆದ್ದಿತು. ಹನ್ನೆರಡು ಸಿಲಿಂಡರು, 5.5 ಲೀಟರು, ಎರಡು ಟರ್ಬೋ, 650ಕ್ಕೂ ಮಿಕ್ಕ ಅಶ್ವಶಕ್ತಿ. ಫ್ರಾಂಕ್ ಬೀಲಾ, ಎಮಾನ್ಯುಯೆಲೆ ಪಿರೊ, ಮಾರ್ಕೊ ವೆರ್ನರ್ ಅದರ ಚಾಲಕರು. ಎಂಜಿನ್ನು ಎಷ್ಟು ಮೆತ್ತಗಿತ್ತೆಂದರೆ ಗೇರು ಯಾವಾಗ ಬದಲಿಸಬೇಕೆಂಬುದನ್ನು ಕಿವಿಯಿಂದ ತಿಳಿಯುವುದು ಕಷ್ಟವಾಗಿ ಚಾಲಕರು ದೀಪದ ಸಂಜ್ಞೆಯನ್ನು ನೋಡಿಕೊಳ್ಳುತ್ತಿದ್ದರು. ರೇಸಿನ ಅರ್ಧ ಆಕರ್ಷಣೆ ಶಬ್ದದಲ್ಲಿದೆಯೆಂದು ಟೆಲಿವಿಷನ್ನಿನಲ್ಲಿ ಕೆಲಸ ಮಾಡುವ ನಮ್ಮಂಥವರು ಬಲ್ಲೆವು. ಸದ್ದಿಲ್ಲದೆ ಗೆಲ್ಲುವ ಕಾರು ನಮ್ಮ ಧ್ವನಿಮುದ್ರಕರ ಪಾಲಿಗೆ ದೊಡ್ಡ ಸಂಕಟ.

ಆದರೆ ಅಲ್ಲಿಯೂ ಅದೇ ತಕ್ಕಡಿ. ಟರ್ಬೋ ಇರುವ ಪೆಟ್ರೋಲ್ ಎಂಜಿನ್ನಿಗೆ 4 ಲೀಟರಿನ ಮಿತಿ, ಡೀಸೆಲ್ಲಿಗೆ 5.5. ಜೊತೆಗೆ ಒಂದು ಲೀಟರ್ ಡೀಸೆಲಿನಲ್ಲಿ ಪೆಟ್ರೋಲಿಗಿಂತ ಶೇಕಡಾ ಹತ್ತಕ್ಕೂ ಮಿಕ್ಕಿದ ಶಕ್ತಿಯಿದೆ. ಆದ್ದರಿಂದ ಒಂದೇ ಅಳತೆಯ ಟ್ಯಾಂಕಿನಲ್ಲಿ ಹೆಚ್ಚು ದೂರ. 2007ರಲ್ಲಿ ಡೀಸೆಲ್ ಕಾರುಗಳ ಟ್ಯಾಂಕನ್ನು 90ರಿಂದ 81 ಲೀಟರಿಗೆ ಇಳಿಸಿದರು. ಆದರೂ ಅವೇ ಗೆದ್ದವು. 2009ರಲ್ಲಿ ಮಾತ್ರ ಆಡಿಯ ಬದಲು ಪ್ಯೂಜೊ ಸಂಸ್ಥೆಯ ಡೀಸೆಲ್. 2014ರಲ್ಲಿ ನಿಯಮವೇ ಬದಲಾಯಿತು. ಸಿಲಿಂಡರಿನ ಗಾತ್ರವನ್ನು ಅಳೆಯುವುದು ಬಿಟ್ಟು, ಪ್ರತಿ ಸುತ್ತಿಗೆ ಇಷ್ಟೇ ಇಂಧನಶಕ್ತಿ ಎಂದು ಪಡಿತರದಂತೆ ಹಂಚಿಕೊಟ್ಟರು. ಆ ವರ್ಷ ಆಡಿ ಗೆದ್ದಿತಾದರೂ 2015ರಲ್ಲಿ ಪೋರ್ಷೆಯ ಎರಡು ಲೀಟರಿನ ಪುಟ್ಟ ಪೆಟ್ರೋಲ್ ಎಂಜಿನ್ನು, ವಿದ್ಯುತ್ ಮೋಟಾರಿನ ಜೊತೆಗೂಡಿ, ಪ್ರಶಸ್ತಿಯನ್ನು ಕಿತ್ತುಕೊಂಡಿತು. ಪೋರ್ಷೆಯ ವಿದ್ಯುತ್ ಸಹಾಯ ಆಡಿಗಿಂತ ದೊಡ್ಡದಿತ್ತೆಂಬುದನ್ನೂ ಹೇಳಬೇಕು. ವೇಗ, ದೂರ, ಮಿತವ್ಯಯ ಇವುಗಳಲ್ಲಿ ಡೀಸೆಲ್ ಪೆಟ್ರೋಲಿಗೆ ಸಾಟಿಯೆಂಬುದು ಸಾಬೀತಾಗಿದೆ. ಕಾಲೊತ್ತಿದೊಡನೆ ಚಿಮ್ಮಿ, ಏಳು ಸಾವಿರ ಸುತ್ತಿನವರೆಗೂ ಹಾಡುತ್ತ ಏರುವ ಹುರುಪನ್ನು ಅದು ಎಂದೂ ಪಡೆಯಲಿಲ್ಲ. ಕ್ರೀಡೆಯೆಂದರೆ ಆ ಹುರುಪೇ ಎನ್ನುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ.

ಕೊನೆಗೆ ಡೀಸೆಲ್ಲನ್ನು ಕಣದಿಂದ ಹೊರಗೆ ಕಳುಹಿಸಿದ್ದು ನಿಧಾನಗತಿಯೇನಲ್ಲ, ಹೊಗೆ. ಹೆಚ್ಚು ಬಿಸಿ, ಹೆಚ್ಚು ಗಾಳಿ; ಮಿತವ್ಯಯಕ್ಕೆ ಕಾರಣವಾದ ಈ ಎರಡೇ ಗಾಳಿಯ ಸಾರಜನಕವನ್ನು ಆಮ್ಲಜನಕದೊಡನೆ ಬೆಸೆದು, ಶ್ವಾಸಕೋಶಕ್ಕೆ ಕೇಡು ಮಾಡುವ ನೈಟ್ರೋಜನ್ ಆಕ್ಸೈಡುಗಳನ್ನು ಹುಟ್ಟಿಸುತ್ತವೆ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಂದು ಮೋಸವನ್ನು ಬಯಲಿಗೆಳೆಯಿತು. ಪರೀಕ್ಷೆ ನಡೆಯುತ್ತಿದೆಯೆಂದು ತಿಳಿದಾಗ ಮಾತ್ರ ಹೊಗೆಯನ್ನು ಶುದ್ಧಗೊಳಿಸಿ, ರಸ್ತೆಯಲ್ಲಿ ಮಿತಿಯ 40 ಪಟ್ಟಿನವರೆಗೆ ವಿಷವನ್ನು ಉಗುಳುವ ತಂತ್ರಾಂಶವನ್ನು ಫೋಕ್ಸ್‌ವ್ಯಾಗನ್ ಸಂಸ್ಥೆ ತನ್ನ ಡೀಸೆಲ್ ಕಾರುಗಳಲ್ಲಿ ಅಡಗಿಸಿಟ್ಟಿತ್ತು. ಜಗತ್ತಿನಾದ್ಯಂತ ಇಂಥ ಕಾರುಗಳು ಸುಮಾರು ಒಂದು ಕೋಟಿ ಹತ್ತು ಲಕ್ಷ. ಲ ಮಾನ್‌ನಲ್ಲಿ ಗೆದ್ದ ಆಡಿ ಅದೇ ಮನೆತನದ್ದು. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಬಂದಾಗ, ಡೀಸೆಲ್ ಹೊಗೆಯನ್ನು ತೊಳೆಯುವ ಸಲಕರಣೆ ಚಿಕ್ಕ ಕಾರಿಗೆ ದುಬಾರಿಯಾಯಿತು. ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು.

ಆಡಿ ಸಂಸ್ಥೆ 2016ರ ಕೊನೆಗೆ ಲ ಮಾನ್ ವರ್ಗದ ಓಟಗಳಿಂದ ಹಿಂದೆ ಸರಿಯುವುದಾಗಿ ಸಾರಿತು. ಆ ವರ್ಷದ ನವೆಂಬರಿನಲ್ಲಿ ಬಹರೇನ್‌ನಲ್ಲಿ ನಡೆದ ತನ್ನ ಕೊನೆಯ ಸ್ಪರ್ಧೆಯಲ್ಲಿ ಅದರ ಎರಡು ಡೀಸೆಲ್ ಕಾರುಗಳು ಮೊದಲನೆಯ ಮತ್ತು ಎರಡನೆಯ ಸ್ಥಾನ ಗಳಿಸಿದವು.